ಸಮಾಧಿಯ ಮೇಲೆ ಗೋಲುಕಂಬ

2002ನೇ ಇಸವಿಯ ಫೆಬ್ರವರಿ ತಿಂಗಳು, ಬುಧವಾರ. ಬೆಳಿಗ್ಗೆ ಏಳೂವರೆಗೆ ಚಳ್ಳಕೆರೆಯ ಗ್ರಾಮಾಂತರ ಠಾಣೆಯ ಮುಂದೆ ಒಂದು ಮೋಟಾರ್ ಸೈಕಲ್ ಬಂದು ಮಗುಚಿಕೊಂಡಿತು. ಸವಾರ ಅದನ್ನು ಎತ್ತಿ ನಿಲ್ಲಿಸುವ ಗೋಜಿಗೂ ಹೋಗದೆ ಠಾಣೆಯ ಮೆಟ್ಟಿಲು ಹತ್ತಿದ. ಅವನ ಎರಡೂ ಕೈಗಳು ಮೊಣಕೈವರೆಗೆ ಸುಣ್ಣದ ಪುಡಿಯಿಂದ ಬೆಳ್ಳಗಾಗಿದ್ದವು.

"ಸಾರ್, ಮುರುಗೇಶಣ್ಣನ್ನ ಹೊಡೆದು ಹಾಕವ್ರೆ. ಕಾವಲಿನಾಗೆ, ಕಲ್ಲಿನ ರಾಶಿ ಹಿಂದೆ."

ಹೆಡ್ ಕಾನ್‌ಸ್ಟೆಬಲ್ ಪೆದ್ದಣ್ಣ ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ಹೆಸರು ಸಿದ್ದಲಿಂಗೇಶ್. ಉದಯ ಫುಟ್‌ಬಾಲ್ ಸಂಘದ ನಾಯಕ. ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಹೋದವನು ಹೆಣ ಕಂಡಿದ್ದ. ಸತ್ತವನು ಸಂಘದ ಕಾರ್ಯದರ್ಶಿ, ಪ್ರೌಢಶಾಲೆಯ ದೈಹಿಕ ಶಿಕ್ಷಕ ಮುರುಗೇಶ್. ದೂರು ಬರೆದುಕೊಂಡು, ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಿಸುವ ಹೊತ್ತಿಗೆ ಸರ್ಕಲ್ ಇನ್ಸ್‌ಪೆಕ್ಟರ್ ನಂಜೇಗೌಡರು ಜೀಪಿನಲ್ಲಿ ಕುಳಿತಾಗಿತ್ತು. ಪೆದ್ದಣ್ಣ ಠಾಣೆಯಲ್ಲೇ ಉಳಿದರು.

ನಂಜೇಗೌಡರು ನಾಗಮಂಗಲದ ಕಡೆಯವರು. ಚಳ್ಳಕೆರೆಗೆ ವರ್ಗವಾಗಿ ಬಂದು ಎರಡು ತಿಂಗಳಾಗಿರಲಿಲ್ಲ. ಆದರೂ ಆ ಜಾಗದ ತಗಾದೆ ಅವರಿಗೆ ತಿಳಿದಿತ್ತು. ತಿಳಿಯದವರು ಇಡೀ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ, ರಸ್ತೆಗೆ ತಾಗಿದಂತೆ, ಹತ್ತು ಎಕರೆ ಸರ್ಕಾರಿ ಜಮೀನನ್ನು ಹೊಸ ಕ್ರೀಡಾಂಗಣಕ್ಕೆಂದು ಸಂಘಕ್ಕೆ ಮಂಜೂರು ಮಾಡಲಾಗಿತ್ತು. ಅಲ್ಲಿಂದ ಕೂಗಳತೆಯಲ್ಲಿ ಒಂದು ಹಟ್ಟಿ. ಆ ಹಟ್ಟಿಯ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುವವರು. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವುಗಳನ್ನು ಮಾರುವುದಿಲ್ಲ; ಸತ್ತರೆ ಮಣ್ಣು ಮಾಡುತ್ತಾರೆ. ತಲೆಮಾರುಗಳಿಂದ ಮಣ್ಣು ಮಾಡಿದ ಜಾಗವೇ ಆ ಹತ್ತು ಎಕರೆ ಎಂಬುದು ಹಟ್ಟಿಯವರ ವಾದ. ಸಂಘದವರು ಒಂದು ತಿಂಗಳ ಹಿಂದೆ ಅಲ್ಲಿ ಎರಡು ಗೋಲುಕಂಬಗಳನ್ನು ನೆಟ್ಟು, ಅಡಿಪಾಯದ ಕಲ್ಲು ಇಳಿಸಿದ್ದರು. ಮುಂದಿನ ಗುರುವಾರ ಮಂತ್ರಿಗಳಿಂದ ಶಂಕುಸ್ಥಾಪನೆ ನಿಗದಿಯಾಗಿತ್ತು.

ಹೆಣ ಬೋರಲಾಗಿ ಬಿದ್ದಿತ್ತು. ತಲೆಯ ಹಿಂಬದಿಗೆ ಒಂದೇ ಪೆಟ್ಟು; ಭಾರವಾದ ಕಬ್ಬಿಣದ್ದು. ಮುರುಗೇಶನ ಮೊಪೆಡ್ ರಸ್ತೆಯ ಪಕ್ಕದಲ್ಲಿ ನಿಂತಲ್ಲೇ ನಿಂತಿತ್ತು. ಕಂಬ ನೆಡಲು ತಂದಿಟ್ಟಿದ್ದ ಹಾರೆ ಕಾಣೆಯಾಗಿತ್ತು. ಕಲ್ಲಿನ ರಾಶಿಯ ಮೇಲೆ ಒಡೆದ ತೆಂಗಿನಕಾಯಿ, ಚೆಲ್ಲಿದ ಕುಂಕುಮ, ಮೂರು ನಿಂಬೆಹಣ್ಣು, ಕತ್ತು ಕೊಯ್ದ ಒಂದು ಬಿಳಿ ಕೋಳಿ. ಅದರ ಕಾಲುಗಳನ್ನು ಗುಲಾಬಿ ಬಣ್ಣದ ದಾರದಿಂದ ಬಿಗಿಯಲಾಗಿತ್ತು. ಕತ್ತಿನ ಮೇಲೆ ಒಂದಲ್ಲ, ಹಲವು ಗಾಯಗಳಿದ್ದವು.

"ಬಲಿ ಸಾರ್," ಎಂದ ಜೊತೆಗಿದ್ದ ಕಾನ್‌ಸ್ಟೆಬಲ್. ಅವನು ಕಾರವಾರದವನು.

ನಂಜೇಗೌಡರು ತಲೆಯಾಡಿಸಿದರು. ಅವರ ಊರಿನಲ್ಲೂ ಅಮ್ಮನಿಗೆ ಕೋಳಿ ಕೊಯ್ಯುವುದು ಹೊಸದೇನಲ್ಲ. ಕಲ್ಲಿನ ಲಾರಿಯ ಇಬ್ಬರು ಕೂಲಿಗಳನ್ನು ಪಂಚರನ್ನಾಗಿಸಿ ಸ್ಥಳ ಪಂಚನಾಮೆ ಮುಗಿಸಿದರು. ಕೋಳಿ, ದಾರ, ಕುಂಕುಮದ ಪೊಟ್ಟಣ ಎಲ್ಲವೂ ಫೋಟೋ ತೆಗೆಸಿಕೊಂಡು ಮೊಹರಾದವು. ಅನಂತರ ಅವರು ಸಿದ್ದಲಿಂಗೇಶ್, ಪಂಚರು ಮತ್ತು ಕಾನ್‌ಸ್ಟೆಬಲ್ ಎಲ್ಲರಿಗೂ ಒಟ್ಟಾಗಿ ಹೇಳಿದರು:

"ಈ ಕೋಳಿ ವಿಷಯ ಯಾರ ಬಾಯಿಂದಲೂ ಹೊರಗೆ ಹೋಗಕೂಡದು. ಬಲಿಯ ಗುರುತು ಇತ್ತು ಅಂದರೆ ಸಾಕು."

ಅಪರಾಧಿಗೆ ಮಾತ್ರ ಗೊತ್ತಿರಬೇಕಾದ ಒಂದು ಅಂಶವನ್ನು ಬಚ್ಚಿಡುವುದು ಅವರ ಪದ್ಧತಿ. ಹದಿನಾರು ವರ್ಷದ ಸೇವೆಯಲ್ಲಿ ಆ ಪದ್ಧತಿ ಅವರ ಕೈ ಬಿಟ್ಟಿರಲಿಲ್ಲ.

ಚಿತ್ರದುರ್ಗದಿಂದ ಬಂದ ಶ್ವಾನ ರಸ್ತೆಯವರೆಗೆ ಓಡಿ, ಡಾಂಬರಿನ ಮೇಲೆ ಸುಮ್ಮನೆ ಕುಳಿತುಬಿಟ್ಟಿತು.

*

ಮಧ್ಯಾಹ್ನ ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪ ತಮ್ಮ ಬಿಳಿ ಅಂಬಾಸಿಡರ್ ಕಾರನ್ನು ತಾವೇ ಓಡಿಸಿಕೊಂಡು ಠಾಣೆಗೆ ಬಂದರು. ಎರಡು ಎಣ್ಣೆ ಮಿಲ್ಲುಗಳ ಮಾಲೀಕರು; ಅರವತ್ತರ ಆಸುಪಾಸು; ಹಣೆಯ ತುಂಬ ವಿಭೂತಿ. ಊರಿನಲ್ಲಿ ಅವರೆದುರು ಕುರ್ಚಿಯಲ್ಲಿ ಕೂರುವವರು ಕಡಿಮೆ. ಹೊಸ ಕ್ರೀಡಾಂಗಣಕ್ಕೆ ಮೂರು ವರ್ಷದ ಹಿಂದೆ ತೀರಿಹೋದ ಅವರ ಒಬ್ಬನೇ ಮಗ ಮಹಾಂತೇಶನ ಹೆಸರಿಡುವುದೆಂದು ಸಂಘ ತೀರ್ಮಾನಿಸಿತ್ತು.

"ಮುರುಗೇಶ ನನ್ನ ಮನೆ ಹುಡುಗ ಇದ್ದಂಗೆ ಇದ್ದ ಇನ್ಸ್‌ಪೆಕ್ಟರೇ," ಎಂದರು. "ಸರ್ವೆ ದಿನ ತಹಸೀಲ್ದಾರರ ಮುಂದೇನೇ ಆ ಕಿಲಾರಿ ಹೇಳಿದ್ದ. ಈ ನೆಲಕ್ಕೆ ಹಾರೆ ಹಾಕಿದವ್ನು ಉಳಿಯಲ್ಲ ಅಂತ. ಐವತ್ತು ಜನ ಕೇಳಿಸ್ಕಂಡವ್ರೆ."

"ಯಾರು ಕಿಲಾರಿ?"

"ಯರ್ರಪ್ಪ ಅಂತ. ದೇವ್ರ ಎತ್ತು ಕಾಯೋನು."

ಹೇಳಿಕೆಯನ್ನು ಎರಡೆರಡು ಸಲ ಓದಿ ಸಹಿ ಹಾಕಿದರು. ಪೆದ್ದಣ್ಣ ನೀರಿನ ಲೋಟ ಮುಂದಿಟ್ಟರು. ಅವರು ಅದನ್ನು ಮುಟ್ಟಲಿಲ್ಲ.

ಸಂಜೆಯೊಳಗೆ ಸಂಘದ ಹುಡುಗರು ಬಳ್ಳಾರಿ ರಸ್ತೆಯಲ್ಲಿ ಟೈರು ಸುಟ್ಟರು. ಡಿವೈಎಸ್‌ಪಿ ಸಾಹೇಬರ ಫೋನು ಬಂತು. "ಮುಂದಿನ ಗುರುವಾರದೊಳಗೆ ಆ ಜಾಗ ತಣ್ಣಗಾಗಬೇಕು ನಂಜೇಗೌಡ. ಬೆದರಿಕೆ ಇದೆ, ಸಾಕ್ಷಿ ಇದೆ, ಬಲಿ ಇದೆ. ಇನ್ನೇನು ಕಾಯ್ತಿದೀಯ?"

ಮುರುಗೇಶ ಸತ್ತದ್ದು ಮಂಗಳವಾರ ಮಧ್ಯಾಹ್ನ ಎಂದು ಮರಣೋತ್ತರ ಪರೀಕ್ಷೆ ಹೇಳಿತು. ಮರುದಿನ ಬೆಳಿಗ್ಗೆ ಯರ್ರಪ್ಪನನ್ನು ಕರೆತಂದರು. ಐವತ್ತು ದಾಟಿದ, ಬರಿಗಾಲಿನ, ಒಣಕಲು ಮನುಷ್ಯ. ಕೈಯಲ್ಲಿದ್ದ ಬಿದಿರಿನ ಕೋಲನ್ನು ಅವನು ಠಾಣೆಯ ಒಳಗೆ ತರಲಿಲ್ಲ. ಹಟ್ಟಿಯ ಹಿರಿಯ ಓಬಯ್ಯನ ಕೈಗೆ ಕೊಟ್ಟು ಒಳಗೆ ಬಂದ.

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದೆ?"

"ಎತ್ತಿನ ಜೊತೆ."

"ಯಾವ ಕಡೆ?"

"ಅವು ಹೋದ ಕಡೆ."

"ನೆಟ್ಟಗೆ ಬೊಗಳಲೇ," ಎಂದ ಕಾನ್‌ಸ್ಟೆಬಲ್. ನಂಜೇಗೌಡರು ಅವನನ್ನು ಕೈಸನ್ನೆಯಲ್ಲೇ ತಡೆದರು.

"ನಿನ್ನ ನೋಡಿದವರು ಯಾರು?"

"ಎತ್ತು ನೋಡಿದ್ವು ಸ್ವಾಮಿ. ಅವನ್ನ ಕರೆಸ್ತೀರಾ?"

"ಹಾರೆ ಹಾಕಿದವನು ಉಳಿಯಲ್ಲ ಅಂದಿದ್ದು ಹೌದೋ ಅಲ್ಲವೋ?"

"ಹೌದು. ಉಳಿಯಲ್ಲ ಅಂತ ನಾವು ನಂಬೀವಿ. ಕೊಲ್ತೀನಿ ಅಂತ ನಾನು ಅಂದಿಲ್ಲ."

"ಬಲಿ ಕೊಟ್ಟಿದ್ದು?"

"ಯಾರೂ ಏನೂ ಕೊಟ್ಟಿಲ್ಲ ಸ್ವಾಮಿ."

ಲಾಕಪ್ಪಿಗೆ ಕಳುಹಿಸಿದ ಅನ್ನ ಹಾಗೆಯೇ ಉಳಿಯಿತು. ಕಿಲಾರಿಯಾದವನು ತಾನೇ ಬೇಯಿಸಿದ್ದನ್ನಲ್ಲದೆ ಬೇರೇನೂ ತಿನ್ನುವಂತಿಲ್ಲವಂತೆ. ಶುಕ್ರವಾರ ನ್ಯಾಯಾಲಯ ಅವನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ಊರು ತಣ್ಣಗಾಯಿತು. ಕೊಂದ ಹಾರೆ ಮಾತ್ರ ಸಿಗಲಿಲ್ಲ.

*

ಶನಿವಾರ ಬೆಳಿಗ್ಗೆ ಹಾರೆ ಹುಡುಕುವ ಸಲುವಾಗಿ ನಂಜೇಗೌಡರು ಪೆದ್ದಣ್ಣನೊಂದಿಗೆ ಹಟ್ಟಿಗೆ ಹೋದರು. ಮುಳ್ಳಿನ ಬೇಲಿಯೊಳಗೆ ಎತ್ತಿನ ಗೂಡು. ಸುತ್ತ ಇಪ್ಪತ್ತು ಮನೆ. ಶೋಧ ಮುಗಿಯಿತು; ಏನೂ ಸಿಗಲಿಲ್ಲ. ಯರ್ರಪ್ಪನ ಹೆಂಡತಿ ಉಚ್ಚಂಗೆಮ್ಮ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದಳು.

"ಆಯ್ತಾ ಸ್ವಾಮಿ? ರಾಗಿ ಡಬ್ಬ ಒಂದು ಬಾಕಿ ಐತೆ. ಅದ್ರಾಗೂ ಹಾರೆ ಹಿಡಿಸ್ತೈತೇನೋ ನೋಡ್ರಿ."

ನಂಜೇಗೌಡರು ಪ್ರಶ್ನಿಸಿದರು. "ಮಂಗಳವಾರ ನಿನ್ನ ಗಂಡ ಪೂಜೆ ಸಾಮಾನು ಏನಾದರೂ ತಂದಿದ್ದನಾ? ಕಾಯಿ, ಕುಂಕುಮ?"

"ಇಲ್ಲ."

"ಕೋಳಿ?"

ಮಾತು ಬಾಯಿಂದ ಜಾರಿಹೋಗಿತ್ತು. ಆದರೆ ಉಚ್ಚಂಗೆಮ್ಮನ ಮುಖದಲ್ಲಿ ಕಂಡದ್ದು ಗಾಬರಿಯಲ್ಲ. ಅವಳು ಮೊದಲು ಪೆದ್ದಣ್ಣನನ್ನು ನೋಡಿದಳು, ಆಮೇಲೆ ಇನ್ಸ್‌ಪೆಕ್ಟರರನ್ನು. ಎರಡು ದಿನ ಅತ್ತು ಕೆಂಪಾದ ಕಣ್ಣಿನಲ್ಲೇ ನಕ್ಕುಬಿಟ್ಟಳು.

"ಕೋಳಿನಾ? ಕಿಲಾರಿ ಕೈಯಾಗಾ? ಸ್ವಾಮಿ, ಈ ಹಟ್ಯಾಗೆ ಬೆಳಗಾತು ಅಂತ ಕೂಗಾಕೂ ಒಂದು ಕೋಳಿ ಇಲ್ಲ. ನಮ್ಮತ್ತೆ ಕೆಮ್ಮಿದ್ರೆ ಎದ್ದೇಳ್ತೀವಿ. ಕೋಳಿ ಪುಕ್ಕ ಗಾಳಿಗೆ ಹಾರಿ ಗೂಡಿನಾಗೆ ಬಿದ್ರೂ ನಾವು ಗೂಡು ತೊಳೀಬೇಕು."

"ಸತ್ಯವಾ ಪೆದ್ದಣ್ಣ?"

ಪೆದ್ದಣ್ಣ ಮುಖ ಒರೆಸಿಕೊಂಡರು. "ಹೌದು ಸಾರ್. ಮ್ಯಾಸನಾಯಕರು ಕುರಿ ತಿಂತಾರೆ. ಕೋಳಿ ಸಾಕಲ್ಲ, ತಿನ್ನಲ್ಲ, ಮುಟ್ಟಲ್ಲ. ಅಲ್ಲಿ ಬಿದ್ದಿದ್ದು ಕೋಳಿ ಅಂತ ಇವತ್ತಿನವರೆಗೆ ನಂಗೆ ಯಾರೂ ಹೇಳಿರಲಿಲ್ಲ."

ಯಾರೂ ಹೇಳದಂತೆ ನೋಡಿಕೊಂಡವರು ನಂಜೇಗೌಡರೇ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತರು.

ಓಬಯ್ಯ ಹತ್ತಿರ ಬಂದ. ಅವನ ಕೈಯಲ್ಲಿ ಯರ್ರಪ್ಪನ ಕೋಲಿತ್ತು. "ಸೋಮವಾರ ಹೊತ್ತು ಹುಟ್ಟೋದ್ರೊಳಗೆ ಅವ್ನು ಗೂಡಿನ ಮುಂದೆ ಧೂಪ ಹಾಕಬೇಕು ಸ್ವಾಮಿ. ಹಾಕದಿದ್ರೆ ಈ ಕೋಲು ಬೇರೆಯವ್ರ ಕೈಗೆ ಹೋಗ್ತೈತೆ. ಹೋದ ಕೋಲು ತಿರುಗಿ ಬರಾಕಿಲ್ಲ."

"ಬರದಿದ್ದರೆ ಏನಾಗುತ್ತೆ?"

"ಏನೂ ಆಗಾಕಿಲ್ಲ," ಎಂದಳು ಉಚ್ಚಂಗೆಮ್ಮ. "ಮನ್ಯಾಗೆ ಇರ್ತಾನೆ, ಉಂಡ್ಕಂತಾನೆ. ಎತ್ತಿನ ಹತ್ರ ಹೋಗಂಗಿಲ್ಲ ಅಷ್ಟೆ. ಹನ್ನೆರಡು ವರ್ಷದಾಗಿಂದ ಅವುಗಳ ಮಗ್ಗುಲಾಗೇ ಮಲಗ್ಯಾನೆ. ಅವ್ನಿಗೆ ಬೇರೆ ಏನು ಗೊತ್ತೈತೆ?"

*

ಠಾಣೆಗೆ ಮರಳಿದ ಕೂಡಲೇ ನಂಜೇಗೌಡರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಬುಧವಾರ ಕಂಡದ್ದೇ ಈಗಲೂ ಕಂಡಿತು, ಆದರೆ ಬೇರೆಯಾಗಿ.

"ಪೆದ್ದಣ್ಣ, ಇದು ಫಾರಂ ಕೋಳಿ. ದೇವರಿಗೆ ಕೊಡುವವರು ನಾಟಿ ಹುಂಜ ಹುಡುಕಿಕೊಂಡು ಮೂರು ಊರು ಅಲೀತಾರೆ. ಅಂಗಡಿ ಬಾಯ್ಲರ್ ಕೋಳೀನ ನಮ್ಮ ಕಡೆ ಯಾವ ದೇವರೂ ಮೂಸಲ್ಲ."

"ಈ ಕಡೆ ದೇವ್ರೂ ಅಷ್ಟೇ ಸಾರ್."

"ಕತ್ತು ನೋಡಿ. ಐದಾರು ಕಡೆ ಗೀರಿದ್ದಾನೆ. ಮನೆಯಲ್ಲಿ ಒಂದು ಸಲ ಕೋಳಿ ಕೊಯ್ದವನು ಇಷ್ಟು ಹಿಂಸೆ ಕೊಡಲ್ಲ."

ಅಂದರೆ ಇದನ್ನು ಅಲ್ಲಿಟ್ಟವನು ಹಟ್ಟಿಯವನಲ್ಲ. ಅಷ್ಟೇ ಅಲ್ಲ, ಅವನು ಹುಟ್ಟಿದ ಮನೆಯ ಅಂಗಳದಲ್ಲಿ ಕೋಳಿಯೇ ಓಡಾಡಿಲ್ಲ. ಮಾಂಸ ತಿನ್ನುವವರೆಲ್ಲ ಅವನ ಕಣ್ಣಿಗೆ ಒಂದೇ. ಯಾರ ದೇವರಿಗೆ ಯಾವುದು ಸಲ್ಲುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂದು ಅನ್ನಿಸಿಯೂ ಇಲ್ಲ. ಹಟ್ಟಿಯವರ ಮೇಲೆ ಗೂಬೆ ಕೂರಿಸಲು ಹೊರಟವನು ತನ್ನ ಮನೆಯ ಒಲೆಯ ಗುರುತನ್ನೇ ಅಲ್ಲಿ ಬಿಟ್ಟುಹೋಗಿದ್ದ.

ಸಂಘದ ಪದಾಧಿಕಾರಿಗಳಲ್ಲಿ ಅಂಥ, ಮಾಂಸ ಮುಟ್ಟದ ಮನೆಯವರೇ ಹೆಚ್ಚು. ಸಿದ್ದಲಿಂಗೇಶನೂ ಅವರಲ್ಲಿ ಒಬ್ಬ. ನಾಯಕತ್ವದ ವಿಷಯವಾಗಿ ಮುರುಗೇಶನೊಂದಿಗೆ ಅವನು ಮೈದಾನದಲ್ಲೇ ಕೈ ಮಿಲಾಯಿಸಿದ್ದನೆಂಬ ಮಾತೂ ಇತ್ತು. ಅವನನ್ನು ಕರೆಸಿದರು.

"ಮಂಗಳವಾರ ಮಧ್ಯಾಹ್ನ?"

"ನನ್ನಿವಾಳದಾಗೆ ಇದ್ದೆ ಸಾರ್, ಅಕ್ಕನ ಮಗಳ ನಾಮಕರಣ. ಅರ್ಧ ಊರು ನೋಡೈತೆ. ಸಂಜೆ ನಾನೇ ಬಡಿಸಿದ್ದು."

"ಮುರುಗೇಶನ ಮೇಲೆ ಸಿಟ್ಟಿತ್ತಲ್ಲ?"

"ಇತ್ತು ಸಾರ್. ಚೆಂಡು ಪಾಸ್ ಮಾಡು ಅಂತ ಬೈತಿದ್ದ, ನಾನೂ ಬೈತಿದ್ದೆ. ಅದಕ್ಕೆಲ್ಲ ಕೊಲ್ಲಾಕೆ ಹೋದ್ರೆ ನಮ್ ಟೀಮಿನಾಗೆ ಹನ್ನೊಂದು ಜನ ಉಳೀತಿದ್ರಾ?"

"ಇನ್ನೊಂದು ಹೇಳು. ಊರ ಹತ್ತಿರ ಜಾಗ ಇರಲಿಲ್ಲವಾ? ಅಷ್ಟು ದೂರ ಆ ಕಾವಲೇ ಯಾಕೆ ಬೇಕಾಯಿತು?"

ಸಿದ್ದಲಿಂಗೇಶ್ ತಲೆ ತಗ್ಗಿಸಿದ. "ನಮ್ ವ್ಯಾನ್ ಪಲ್ಟಿ ಆಗಿದ್ದು ಅಲ್ಲೇ ಸಾರ್. ಮೊಳಕಾಲ್ಮೂರಿನಾಗೆ ಕಪ್ ಗೆದ್ದು, ಉಳ್ಳಾರ್ತಿ ಹುಡುಗರನ್ನ ಮನೆಗೆ ಬಿಡಾಕೆ ಆ ದಾರಿ ಹಿಡಿದ್ವಿ. ಮಹಾಂತೇಶ ಬಾಗಲ ಹತ್ರ ಕೂತಿದ್ದ. ಮೂಲೆ ಕಂಬ ಬರೋ ಜಾಗದಾಗೇ ಅವ್ನು ಸತ್ತಿದ್ದು. ಅವ್ರಪ್ಪ, ನಮ್ ಯಜಮಾನ್ರು, ಬೇರೆ ಜಾಗ ಬೇಡ ಅಂದ್ರು."

*

ಕೋಳಿ ಎಲ್ಲಿಂದ ಬಂತು? ಚಳ್ಳಕೆರೆಯ ಅಂಗಡಿಗಳಲ್ಲಿ ಮಂಗಳವಾರ ಯಾರೂ ಜೀವಂತ ಕೋಳಿ ಒಯ್ದಿರಲಿಲ್ಲ. ಇನ್ನು ಉಳಿದದ್ದು ಕಾಲಿಗೆ ಕಟ್ಟಿದ್ದ ದಾರ. ಮೊಹರು ಬಿಚ್ಚಿ, ದಾಖಲಿಸಿ, ನಂಜೇಗೌಡರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗುಲಾಬಿ ಬಣ್ಣ, ನಯವಾದ ಹೊಳಪು. ಹತ್ತಿಯ ದಾರವಲ್ಲ, ಸೆಣಬಂತೂ ಅಲ್ಲವೇ ಅಲ್ಲ.

"ರೇಷ್ಮೆ," ಎಂದರು.

"ನಮ್ಮೂರಿನದು ಸಾರ್," ಎಂದರು ಮೊಳಕಾಲ್ಮೂರಿನವರಾದ ಪೆದ್ದಣ್ಣ. "ಸೀರೆ ಮಗ್ಗದ ತುಂಡು ದಾರ. ಅಲ್ಲಿ ಹೂವಿನೋರು, ಸೊಪ್ಪಿನೋರು ಎಲ್ಲಾ ಅದ್ರಾಗೇ ಕಟ್ಟಿ ಕೊಡ್ತಾರೆ. ಪುಕ್ಕಟೆ ಸಿಗ್ತೈತಲ್ಲ."

ಶನಿವಾರ ಮಧ್ಯಾಹ್ನವೇ ಜೀಪು ಮೊಳಕಾಲ್ಮೂರಿಗೆ ಹೊರಟಿತು. ಪೇಟೆಯಲ್ಲಿ ಮೂರು ಕೋಳಿ ಅಂಗಡಿಗಳಿದ್ದವು. ಮೊದಲ ಎರಡರಲ್ಲಿ ಏನೂ ತಿಳಿಯಲಿಲ್ಲ. ಮೂರನೆಯದು ಬಾಬಾಜಾನ್ ಎಂಬಾತನದು. ಅವನು ಗಿರಾಕಿಯೊಬ್ಬನೊಂದಿಗೆ ತೆಲುಗಿನಲ್ಲಿ ಜಗಳವಾಡುತ್ತಿದ್ದವನು, ಪೊಲೀಸರನ್ನು ಕಂಡು ಕತ್ತಿಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ.

"ಮಂಗಳವಾರ ಜೀವಂತ ಕೋಳಿ ಯಾರಾದರೂ ತಗೊಂಡರಾ?"

ಬಾಬಾಜಾನ್ ಕೂಡಲೇ ನಕ್ಕ. "ಅವ್ರಾ? ಮರೀತೀನಾ ಸಾಬ್? ಸಂಜೆ ಹೊತ್ತು. ಬಿಳೀ ಪಂಚೆ, ಹಣೆ ತುಂಬ ವಿಭೂತಿ. ಯಾ ಅಲ್ಲಾ, ದಾರಿ ತಪ್ಪಿ ಬಂದವ್ರೆ ಅಂದ್ಕೊಂಡೆ. ತರಕಾರಿ ಅಂಗಡಿ ಆ ಕಡೆ ಐತೆ ಯಜಮಾನ್ರೇ ಅಂತ ತೋರಿಸ್ದೆ ಕೂಡ."

"ಆಮೇಲೆ?"

"ಕೋಳಿ ಬೇಕು ಅಂದ್ರು. ಕಟ್ ಮಾಡ್ಲಾ ಅಂದ್ರೆ ಬೇಡ, ಹಂಗೇ ಕೊಡು ಅಂದ್ರು. ಯಾವುದು ಅಂದ್ರೆ ಯಾವುದಾದ್ರೂ ಸರಿ ಅಂದ್ರು. ಕಾಲು ಕಟ್ಟಿ ಕೈಗೆ ಕೊಡಾಕೆ ಹೋದ್ರೆ ಎರಡು ಹೆಜ್ಜೆ ಹಿಂದಕ್ಕೆ! ಡಿಕ್ಕಿ ತೆಗೆದು, ಇದ್ರಾಗೆ ಹಾಕು ಅಂದ್ರು. ನಾನೇ ಹಾಕ್ದೆ."

"ಯಾವ ಕಾರು?"

"ಬಿಳೀ ಅಂಬಾಸಿಡರ್ ಸಾಬ್. ಹಿಂದಿನ ಗಾಜಿನ ಮ್ಯಾಲೆ ಒಬ್ಬ ಹುಡುಗನ ಫೋಟೋ ಅಂಟಿಸಿತ್ತು. ಚೆಂಡು ಕಂಕುಳಲ್ಲಿ ಇಟ್ಕೊಂಡು ನಗ್ತಿದ್ದ."

ಪೆದ್ದಣ್ಣ ಇನ್ಸ್‌ಪೆಕ್ಟರರ ಮುಖ ನೋಡಿದರು. ಆ ಕಾರು ಆ ವಾರದಲ್ಲೇ ಠಾಣೆಯ ಮುಂದೆ ನಿಂತಿತ್ತು.

"ಇನ್ನೇನಾದರೂ ಮಾತಾಡಿದರಾ?"

ಬಾಬಾಜಾನನ ನಗು ಇಳಿಯಿತು. "ಹೋಗೋವಾಗ ಒಂದು ಮಾತು ಕೇಳಿದ್ರು ಸಾಬ್. ಕತ್ತು ಕೊಯ್ದ ಮ್ಯಾಲೆ ಅದಕ್ಕೆ ಎಷ್ಟೊತ್ತು ನೋವು ಇರ್ತೈತೆ ಅಂತ. ಹಿಂಗೆ ಕೇಳೋರು ಕೋಳಿ ಯಾಕೆ ತಗೊಂಡ್ರಪ್ಪಾ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

*

ಇದ್ದದ್ದು ಒಂದು ಕೋಳಿಯ ವ್ಯಾಪಾರ. ಕೊಲೆಗೆ ಕಾರಣ ಬೇಕಿತ್ತು. ಭಾನುವಾರ ಬೆಳಿಗ್ಗೆ ನಂಜೇಗೌಡರು ಮುರುಗೇಶನ ಹೆಂಡತಿ ಜ್ಯೋತಿಲಕ್ಷ್ಮಿಯ ಮನೆಗೆ ಎರಡನೆಯ ಸಲ ಹೋದರು. ಬುಧವಾರ ಅವಳ ಹೇಳಿಕೆ ಎರಡು ಸಾಲಿಗಿಂತ ಮುಂದೆ ಹೋಗಿರಲಿಲ್ಲ.

"ಮಂಗಳವಾರ ಅವರು ಯಾರನ್ನು ನೋಡೋಕೆ ಹೋಗ್ತೀನಿ ಅಂದರಮ್ಮ?"

"ಯಜಮಾನ್ರನ್ನ. ಕಲ್ಲು ನೋಡಾಕೆ ಅಲ್ಲಿಗೆ ಬರ್ತಾರೆ, ಅಲ್ಲೇ ಹೇಳಿಬಿಡ್ತೀನಿ ಅಂದ್ರು."

"ಏನನ್ನ?"

"ಆ ಜಾಗ ಬೇಡ ಅಂತ." ಅವಳು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿದಳು. "ಹಿಂದಿನ ವಾರ ಹಟ್ಟಿಗೆ ಹೋಗಿ ಬಂದಿದ್ರು. ಅಡಿಪಾಯದ ಗುಂಡಿ ತೋಡುವಾಗ ಒಂದು ಕೊಂಬು ಸಿಕ್ಕಿತಂತೆ, ಹಿತ್ತಾಳೆ ಕಳಸ ಹಾಕಿದ್ದು. ಅದನ್ನ ತಗೊಂಡು ಹೋಗಿ ಆ ಕಿಲಾರಿ ಕೈಗೆ ಕೊಟ್ರಂತೆ. ಅವ್ನು ಆ ಎತ್ತಿನ ಹೆಸರು ಹಿಡಿದು ಅತ್ತನಂತೆ. ಮನೆಗೆ ಬಂದು ಊಟ ಮಾಡಲಿಲ್ಲ ಸಾರ್. ಆ ನೆಲದಾಗೆ ಚೆಂಡು ಒದೆಯಾಕೆ ನನ್ ಕಾಲು ಬರಲ್ಲ ಜ್ಯೋತಿ ಅಂದ್ರು."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಕಿಲಾರಿನೇ ಕೊಂದಿದ್ದು ಅಂತ ಯಜಮಾನ್ರೇ ಬಂದು ಹೇಳಿದ್ರು. ಇಲ್ಲೇ ಕೂತು ನನ್ ತಲೆ ಮ್ಯಾಲೆ ಕೈ ಇಟ್ಟು ಹೇಳಿದ್ರು."

ಮಧ್ಯಾಹ್ನ ಮಿಲ್ಲಿನ ಆವರಣದಲ್ಲಿ ಅಂಬಾಸಿಡರ್ ಕಾರಿನ ಶೋಧ ನಡೆಯಿತು. ಡಿಕ್ಕಿಯನ್ನು ತೊಳೆಯಲಾಗಿತ್ತು; ಆದರೆ ಹಾಸಿದ್ದ ರಬ್ಬರ್ ಚಾಪೆಯ ಅಡಿಯಲ್ಲಿ ಎರಡು ಬಿಳಿ ಪುಕ್ಕಗಳು ಉಳಿದಿದ್ದವು. ತಿಪ್ಪೇರುದ್ರಪ್ಪನವರ ಹೆಂಡತಿ ಮಂಜುಳಮ್ಮ ಆವರಣದಲ್ಲೇ ಇದ್ದ ಮನೆಯ ಹೊಸ್ತಿಲ ಮೇಲೆ ನಿಂತಿದ್ದರು.

"ಯಾರು ತೊಳೆದದ್ದು ತಾಯಿ?"

"ನಾನೇ. ಬುಧವಾರ ಬೆಳಿಗ್ಗೆ ಕಾರು ನಾರ್ತಿತ್ತು."

"ಯಾಕೆ ಅಂತ ಕೇಳಲಿಲ್ಲವಾ?"

"ಕೇಳಲಿಲ್ಲ," ಎಂದರು. "ಮಗ ಹೋದ ಮ್ಯಾಲೆ ನಮ್ಮನೇಲಿ ಯಾರೂ ಯಾರನ್ನೂ ಏನೂ ಕೇಳಲ್ಲ."

ತಿಪ್ಪೇರುದ್ರಪ್ಪ ಮಿಲ್ಲಿನ ಕಚೇರಿಯಲ್ಲಿದ್ದರು. ಬಾಬಾಜಾನನನ್ನು ಬಾಗಿಲಲ್ಲಿ ನಿಲ್ಲಿಸಿದಾಗ ಅವನು ನೇರವಾಗಿ ಅವರತ್ತ ಬೆರಳು ಮಾಡಿದ. ನಂಜೇಗೌಡರು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.

"ಹಾರೆ ಎಲ್ಲಿದೆ ಯಜಮಾನರೇ?"

ತಿಪ್ಪೇರುದ್ರಪ್ಪ ಎದ್ದು, 'ಬನ್ನಿ' ಎನ್ನುವಂತೆ ತಲೆಯಾಡಿಸಿ, ತಾವೇ ಮುಂದೆ ನಡೆದರು. ಹಿತ್ತಲಲ್ಲಿ ಮನೆಯೆತ್ತರದ ಶೇಂಗಾ ಸಿಪ್ಪೆಯ ರಾಶಿ. ಪಂಚರ ಸಮಕ್ಷಮ ಅವರು ತೋರಿಸಿದ ಜಾಗದಲ್ಲಿ ಕೆದಕಿದಾಗ ಹಾರೆ ಸಿಕ್ಕಿತು. ಅದರ ತುದಿಗೆ ಕೂದಲು ಅಂಟಿಕೊಂಡಿತ್ತು.

"ಯಾಕೆ ಹೊಡೆದಿರಿ?"

"ಸಿಟ್ಟು ಬಂತು, ಹೊಡೆದೆ."

"ಆ ಜಾಗ ಬೇಡ ಅಂದದ್ದಕ್ಕಾ?"

"ಬರಕೊಳ್ಳಿ ಹಂಗಂತ."

"ಕೋಳಿ ಯಾಕೆ?"

"ಆ ಜನಕ್ಕೆ ಕೋಳಿ ಅಂದ್ರೆ ಆಯ್ತು ಅಂದ್ಕೊಂಡೆ."

ಸಂಜೆ ಐದಕ್ಕೆ ಬಂಧನದ ದಾಖಲೆಗೆ ಅವರ ಸಹಿಯಾಯಿತು. ಈ ಸಲ ಅವರು ಒಂದು ಸಾಲೂ ಓದಲಿಲ್ಲ.

*

ಯರ್ರಪ್ಪ ನಿರಪರಾಧಿ ಎಂಬ ವರದಿಯನ್ನು ನಂಜೇಗೌಡರು ಭಾನುವಾರ ಸಂಜೆಯೇ ಸಿದ್ಧಪಡಿಸಿದರು. ಆದರೆ ನ್ಯಾಯಾಂಗ ಬಂಧನಕ್ಕೆ ಹೋದವನನ್ನು ಬಿಡುವ ಅಧಿಕಾರ ಪೊಲೀಸರದ್ದಲ್ಲ. ನ್ಯಾಯಾಧೀಶರ ಆದೇಶ ಬೇಕು. ಅವರು ಭಾನುವಾರದ ರಜೆಗೆ ಊರಿಗೆ ಹೋಗಿದ್ದರು. ಠಾಣೆಯ ಫೋನಿನಲ್ಲಿ, ಕೊನೆಗೆ ಡಿವೈಎಸ್‌ಪಿ ಸಾಹೇಬರ ಮನೆಯ ಬಾಗಿಲಿಗೇ ಹೋಗಿ ನಂಜೇಗೌಡರು ಕೇಳಿನೋಡಿದರು. "ಒಂದು ರಾತ್ರಿ ತಾನೇ?" ಎಂದರು ಸಾಹೇಬರು. "ನಾಳೆ ಹನ್ನೊಂದಕ್ಕೆ ಬಿಡಿಸು. ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ?"

ಸೋಮವಾರ ಸೂರ್ಯ ತನ್ನ ಹೊತ್ತಿಗೆ ಹುಟ್ಟಿದ.

ನ್ಯಾಯಾಲಯದ ಆದೇಶ ಹನ್ನೊಂದೂವರೆಗೆ ಕೈಗೆ ಬಂತು. ಚಿತ್ರದುರ್ಗದ ಜೈಲಿನಿಂದ ಕರೆತಂದಿದ್ದ ಯರ್ರಪ್ಪನ ಬೇಡಿಯನ್ನು ನ್ಯಾಯಾಲಯದ ವರಾಂಡದಲ್ಲೇ ಬಿಚ್ಚಿದರು. ನಾಲ್ಕು ದಿನದ ಉಪವಾಸಕ್ಕೆ ಅವನ ಕಣ್ಣು ಒಳಗೆ ಹೋಗಿತ್ತು. ಉಚ್ಚಂಗೆಮ್ಮನೂ ಓಬಯ್ಯನೂ ಬಂದಿದ್ದರು. ಓಬಯ್ಯನ ಕೈ ಬರಿದಾಗಿತ್ತು. ಯರ್ರಪ್ಪ ಮೊದಲು ನೋಡಿದ್ದು ಆ ಕೈಯನ್ನೇ.

"ಯಾರಿಗೆ?"

"ಸೂರಮ್ಮನ ಮಗನಿಗೆ," ಎಂದ ಓಬಯ್ಯ, ನೆಲ ನೋಡುತ್ತ.

ಯರ್ರಪ್ಪ ಒಮ್ಮೆ ತಲೆಯಾಡಿಸಿದ. "ಅವ್ನು ಜೋರಾಗಿ ಕೂಗ್ತಾನೆ. ಮುದಿ ಎತ್ತಿಗೆ ಕೂಗಬಾರ್ದು, ಬೆದರ್ತೈತೆ ಅಂತ ಹೇಳು."

ನಂಜೇಗೌಡರು ಒಂದು ಹೆಜ್ಜೆ ಮುಂದೆ ಬಂದರು. ಉಚ್ಚಂಗೆಮ್ಮ ಅವರ ಕಡೆ ತಿರುಗಿ ನೋಡಲೂ ಇಲ್ಲ. ಗಂಡನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದಳು.

ವರಾಂಡದ ಇನ್ನೊಂದು ತುದಿಯ ಬೆಂಚಿನ ಮೇಲೆ, ಇಬ್ಬರು ಕಾನ್‌ಸ್ಟೆಬಲ್‌ಗಳ ನಡುವೆ ಕುಳಿತಿದ್ದ ತಿಪ್ಪೇರುದ್ರಪ್ಪ ಇದೆಲ್ಲವನ್ನೂ ನೋಡಿದರು. ನಂಜೇಗೌಡರು ಹತ್ತಿರ ಬಂದಾಗ, ಯಾರೂ ಕೇಳದಿದ್ದರೂ, ಅವರು ಮಾತಾಡಿದರು.

"ಜಾಗದ ಸಲುವಾಗಿ ಹೊಡೆಯಲಿಲ್ಲ ಇನ್ಸ್‌ಪೆಕ್ಟರೇ. ಬೇರೆ ಜಾಗಾನೇ ನೋಡಾಣ ಅಂತ ನನ್ ಬಾಯಿಗೂ ಬಂದಿತ್ತು. ಅಷ್ಟರಾಗೆ ಅವ್ನು ಅಂದ, ನೀವು ಮಹಾಂತೇಶನ್ನ ಹೆಂಗೆ ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಕೊಟ್ರೋ, ಅವ್ರೂ ಆ ಎತ್ತುಗಳಿಗೆ ಹಂಗೇ ಕೊಟ್ಟವ್ರೆ ಯಜಮಾನ್ರೇ ಅಂತ."

"ಮಗನನ್ನು ಎತ್ತಿಗೆ ಹೋಲಿಸಿದ ಅಂತ ಸಿಟ್ಟು ಬಂತಾ?"

ತಿಪ್ಪೇರುದ್ರಪ್ಪ ಇಲ್ಲವೆಂದು ತಲೆಯಾಡಿಸಿದರು. ಅವರ ಕಣ್ಣು ಗೇಟು ದಾಟುತ್ತಿದ್ದ ಯರ್ರಪ್ಪನ ಬೆನ್ನ ಮೇಲಿತ್ತು.

"ಮಗ ಹೋದ ವರ್ಷ ನಾನು ದಿನಾ ಹೋಗಿ ಆ ರಸ್ತೆ ತಿರುವಿನಾಗೆ ಕಾರು ನಿಲ್ಲಿಸ್ಕಂಡು ಕೂತಿರ್ತಿದ್ದೆ. ಒಂದು ದಿನ ಅವ್ರು ಎತ್ತು ಮಣ್ಣು ಮಾಡಿದ್ರು. ಹೆಂಗಸ್ರು, ಗಂಡಸ್ರು, ಇಡೀ ಹಟ್ಟಿ ಬಿದ್ದು ಹೊರಳಾಡಿ ಅತ್ತಿತು. ಈ ಯರ್ರಪ್ಪ ಗುಂಡಿಗೆ ಇಳಿದೋನು ಮೇಲೆ ಬರಾಕೆ ಒಪ್ಪಲಿಲ್ಲ, ಎಳ್ಕಂಡು ಬಂದ್ರು. ನಾನು ಗಾಜು ಏರಿಸ್ಕಂಡು ನೋಡ್ತಿದ್ದೆ. ನನ್ ಮಗನ ಮಣ್ಣಿಗೆ ಸಾವಿರ ಜನ ಬಂದಿದ್ರು. ಯಾರೂ ಅಳಲಿಲ್ಲ. ಯಜಮಾನ್ರು ಅತ್ತರೆ ಚೆನ್ನಾಗಿರಲ್ಲ ಅಂತ ನಂಗೂ ಅಳಾಕೆ ಬಿಡಲಿಲ್ಲ. ಬಸ್ಸು ಎಷ್ಟೊತ್ತಿಗೆ ಅಂತ ಹಿಂದೆ ಯಾರೋ ಕೇಳ್ತಿದ್ರು. ಹಂಗೇ ಅಂದ್ನಲ್ಲ ಅವ್ನು, ಹಂಗೆ ಎಲ್ಲಿ ಕೊಟ್ವಿ ನಾವು?"

ಒಳಗಿನಿಂದ ಜವಾನ ಅವರ ಹೆಸರು ಕೂಗಿದ. ತಿಪ್ಪೇರುದ್ರಪ್ಪ ಎದ್ದು ಪಂಚೆಯ ನೆರಿಗೆ ಸರಿಪಡಿಸಿಕೊಂಡರು. ನ್ಯಾಯಾಲಯದ ಬಾಗಿಲು ದಾಟುವ ಮುನ್ನ ಅವರು ಹಾಲಿನೊಳಗೆ ಕೂತವರನ್ನು ಒಂದು ಕ್ಷಣ ನೋಡಿ, ಮುಖದ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು ಒಳಗೆ ಹೋದರು.